ಕೆಟ್ಟ ಹೆಸರನ್ನು ಕೊಂಡವರು

ಹೆಸರು ಕೆಟ್ಟ ಹೋಟೆಲೊಂದನ್ನು ಕೊಂಡವನು ಮೊದಲು ಮಾಡುವ ಕೆಲಸವೇನೆಂಬುದು ನಮಗೆಲ್ಲ ಗೊತ್ತು. ಗೋಡೆಗೆ ಸುಣ್ಣ ಹೊಡೆಸುತ್ತಾನೆ. ಹಳೆಯ ಬೋರ್ಡನ್ನು ಇಳಿಸಿ ಹೊಸದನ್ನು ಏರಿಸುತ್ತಾನೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿ ಗಣಹೋಮ ಮಾಡಿಸುತ್ತಾನೆ. ಊರವರು ಒಂದು ವಾರ ಕಾದಿದ್ದು, ಎಂಟನೆಯ ದಿನ ಒಳಹೊಕ್ಕು ದೋಸೆ ತಿಂದು ನೋಡುತ್ತಾರೆ. ದೋಸೆ ಚೆನ್ನಾಗಿದ್ದರೆ ಹಳೆಯ ಕಥೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಹೋದದ್ದು ಒಂದಿಷ್ಟು ಹಣ, ಕೆಟ್ಟದ್ದು ಒಂದು ಹೊತ್ತಿನ ಹೊಟ್ಟೆ. ಆದರೆ ಹೆಸರು ಕೆಡಿಸಿಕೊಂಡಿರುವುದು ಶಿಶುವಿಹಾರವಾದರೆ ಏನು ಮಾಡಬೇಕು? ಅಲ್ಲಿ ರುಚಿ ನೋಡಬೇಕಾದುದು ಎರಡು ವರ್ಷದ ಕೂಸು. ತನಗೆ ಆದದ್ದನ್ನು ಹೇಳಲು ಅದಕ್ಕೆ ಮಾತು ಬಾರದು. ಹಣ ಕೊಡುವವರು ಒಬ್ಬರು, ಉಣ್ಣುವವರು ಇನ್ನೊಬ್ಬರು, ಉಂಡವರಿಗೆ ಬಾಯಿಲ್ಲ. ಇಂತಹ ವ್ಯಾಪಾರವನ್ನು, ಅದೂ ಕೆಟ್ಟ ಹೆಸರಿನ ಸಮೇತ, ವಹಿಸಿಕೊಳ್ಳುವವರು ಯಾರು? ವಹಿಸಿಕೊಂಡವರು ಏನನ್ನು ಕೊಂಡಂತಾಯಿತು?

ಪ್ರಶ್ನೆ ಕಾಲ್ಪನಿಕವಾದುದೇನಲ್ಲ. 2025ರ ಮಾರ್ಚಿ ತಿಂಗಳಿನಲ್ಲಿ ಆಸ್ಟ್ರೇಲಿಯದ ಸಾರ್ವಜನಿಕ ಪ್ರಸಾರ ಸಂಸ್ಥೆಯು ಆ ದೇಶದ ಶಿಶುವಿಹಾರಗಳ, ಅದರಲ್ಲಿಯೂ ಲಾಭಕ್ಕಾಗಿ ನಡೆಯುವಂಥವುಗಳ, ಒಳಗಿನ ಸ್ಥಿತಿಯನ್ನು ಬಯಲಿಗೆ ತಂದಿತು. ಜುಲೈ ತಿಂಗಳ ಆರಂಭದಲ್ಲಿ, ಮೆಲ್ಬೋರ್ನಿನ ಶಿಶುವಿಹಾರಗಳಲ್ಲಿ ಕೆಲಸ ಮಾಡಿದ್ದ ನೌಕರನೊಬ್ಬನ ಮೇಲೆ ಎಪ್ಪತ್ತಕ್ಕೂ ಹೆಚ್ಚು ಆರೋಪಗಳನ್ನು ಹೊರಿಸಿರುವುದಾಗಿ ಪೊಲೀಸರು ಪ್ರಕಟಿಸಿದರು. ಆರೋಪಗಳ ಸತ್ಯಾಸತ್ಯ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಸುಮಾರು 1,200 ಮಕ್ಕಳಿಗೆ ಮುಂಜಾಗ್ರತೆಯಾಗಿ ವೈದ್ಯಪರೀಕ್ಷೆ ಮಾಡಿಸಿರೆಂಬ ಸೂಚನೆ ತಂದೆತಾಯಿಗಳ ಕೈ ಸೇರಿದ ದಿನ ಆ ಮನೆಗಳ ಸ್ಥಿತಿ ಏನಾಗಿದ್ದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಅದರ ಬೆನ್ನಿಗೇ ಸಂಸತ್ತು ಹೊಸ ಶಾಸನವೊಂದನ್ನು ಅಂಗೀಕರಿಸಿತು. ಸುರಕ್ಷತೆಯ ಮಟ್ಟವನ್ನು ಮುಟ್ಟದ ಶಿಶುವಿಹಾರಗಳಿಗೆ ಸರ್ಕಾರದ ಸಹಾಯಧನವನ್ನು ನಿಲ್ಲಿಸಿಬಿಡುವ ಅಧಿಕಾರ ಅದರಿಂದ ದೊರೆಯಿತು.

ಸಹಾಯಧನ ನಿಂತರೆ ಶಿಶುವಿಹಾರ ಬಾಗಿಲು ಹಾಕಬೇಕು, ಇಲ್ಲವೆ ಕೈ ಬದಲಾಯಿಸಬೇಕು. ಬಾಗಿಲು ಹಾಕಿದರೆ ಮರುದಿನ ಬೆಳಗ್ಗೆ ತಾಯಿ ಕೆಲಸಕ್ಕೆ ಹೋಗುವಂತಿಲ್ಲ. ಆದುದರಿಂದ ಕೈಬದಲಾವಣೆಯ ಮಾತೇ ಹೆಚ್ಚು ಮುಖ್ಯವಾಗುತ್ತದೆ. ಈ ಪರೀಕ್ಷೆಯನ್ನು ಆಸ್ಟ್ರೇಲಿಯ ಹಿಂದೆ ಒಮ್ಮೆ, ಇನ್ನೂ ದೊಡ್ಡ ಪ್ರಮಾಣದಲ್ಲಿ, ಬರೆದಿದೆ. ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

1988ರಲ್ಲಿ ಬ್ರಿಸ್ಬೇನ್ ನಗರದ ಆಶ್‌ಗ್ರೋವ್ ಬಡಾವಣೆಯಲ್ಲಿ ಎಡ್ಡಿ ಗ್ರೋವ್ಸ್ ಎಂಬವರೂ ಅವರ ಪತ್ನಿಯೂ ಶಿಶುವಿಹಾರವೊಂದನ್ನು ತೆರೆದರು. ಗ್ರೋವ್ಸ್ ಹಾಲಿನ ವಿತರಣೆಯ ವ್ಯಾಪಾರದಲ್ಲಿದ್ದವರು. (ಹಾಲಿಗೂ ಕೂಸಿಗೂ ನಂಟುಂಟಾದರೂ, ಹಾಲನ್ನು ಲೀಟರಿನಲ್ಲಿ ಅಳೆಯಬಹುದು.) 1991ರಲ್ಲಿ ಸರ್ಕಾರ, ಶುಲ್ಕಕ್ಕಾಗಿ ಪೋಷಕರಿಗೆ ಕೊಡುತ್ತಿದ್ದ ನೆರವನ್ನು ಲಾಭಕ್ಕಾಗಿ ನಡೆಯುವ ಶಿಶುವಿಹಾರಗಳಿಗೂ ವಿಸ್ತರಿಸಿತು. ಬೊಕ್ಕಸದಿಂದ ಹಣ ತಪ್ಪದೆ ಹರಿದು ಬರುವ ವ್ಯಾಪಾರಕ್ಕೆ ಬಂಡವಾಳದ ಕೊರತೆಯೆಲ್ಲಿಯದು? ಎ.ಬಿ.ಸಿ. ಲರ್ನಿಂಗ್ ಎಂಬ ಹೆಸರಿನ ಈ ಕಂಪನಿ 2001ರಲ್ಲಿ ಷೇರುಪೇಟೆಯನ್ನು ಹೊಕ್ಕಿತು. ಚಿಕ್ಕಪುಟ್ಟ ಶಿಶುವಿಹಾರಗಳನ್ನು ಒಂದೊಂದಾಗಿ ಕೊಳ್ಳುತ್ತ ಹೋಯಿತು. ಬ್ರಿಟನ್ ಮತ್ತು ಅಮೆರಿಕಗಳಿಗೂ ಕೈ ಚಾಚಿತು. 2006ರ ಹೊತ್ತಿಗೆ ಅದರ ಷೇರುಗಳ ಒಟ್ಟು ಬೆಲೆ ಸುಮಾರು 250 ಕೋಟಿ ಆಸ್ಟ್ರೇಲಿಯನ್ ಡಾಲರುಗಳನ್ನು ಮುಟ್ಟಿತ್ತು. ಅದರ ಲೆಕ್ಕಪುಸ್ತಕದಲ್ಲಿ ಆಸ್ತಿಯ ದೊಡ್ಡ ಪಾಲಾಗಿ ಬರೆದಿದ್ದುದು ನೆಲವೂ ಅಲ್ಲ, ಕಟ್ಟಡವೂ ಅಲ್ಲ. ಶಿಶುವಿಹಾರ ನಡೆಸಲು ಪಡೆದಿದ್ದ ಲೈಸೆನ್ಸುಗಳು. ಅಂದರೆ ನಾಳೆ ಬರಬಹುದಾದ ಮಕ್ಕಳಿಗೆ ಇಂದೇ ಬೆಲೆ ಕಟ್ಟಿ ಅದನ್ನು ಆಸ್ತಿಯೆಂದು ಕರೆಯಲಾಗಿತ್ತು.

ಕಂಪನಿಯ ಹೆಸರು ಕೆಟ್ಟದ್ದು ಒಂದೇ ದಿನದಲ್ಲಲ್ಲ. ವಿಕ್ಟೋರಿಯ ರಾಜ್ಯದಲ್ಲಿ ಅದರ ಶಿಶುವಿಹಾರವೊಂದರಿಂದ ಮಗುವೊಂದು ಯಾರಿಗೂ ತಿಳಿಯದಂತೆ ಹೊರಗೆ ಹೋಗಿಬಿಟ್ಟಿತ್ತು. ಮೊಕದ್ದಮೆ ನಡೆದಾಗ ಕಂಪನಿಯ ವಕೀಲರು ಹೂಡಿದ ವಾದವನ್ನು ಗಮನಿಸಬೇಕು: ಮಗುವಿನ ಮೇಲೆ ಕಣ್ಣಿಡುವ ಹೊಣೆ ಸ್ಥಳದಲ್ಲಿದ್ದ ನೌಕರರದು, ಕಂಪನಿಯದಲ್ಲ! ನ್ಯಾಯಾಲಯಗಳು 2006ರಲ್ಲಿಯೂ, ಮೇಲ್ಮನವಿಯ ಮೇಲೆ 2007ರಲ್ಲಿಯೂ ಈ ವಾದವನ್ನು ತಳ್ಳಿಹಾಕಿದವು. ಶುಲ್ಕ ಎಣಿಸಿಕೊಳ್ಳುವಾಗ ಕಂಪನಿ, ಮಗು ಕಳೆದಾಗ ಆಯಾ: ಈ ತರ್ಕವನ್ನು ಒಪ್ಪದ ನ್ಯಾಯಾಧೀಶರಿಗೆ ನಾವು ಋಣಿಗಳು. 2006ರಲ್ಲಿಯೇ ಆಸ್ಟ್ರೇಲಿಯ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನ ಸಂಸ್ಥೆ ಶಿಶುವಿಹಾರಗಳ ನೌಕರರನ್ನೇ ವಿಚಾರಿಸಿತು. ನೀವು ಕೆಲಸ ಮಾಡುವಂತಹ ಶಿಶುವಿಹಾರಕ್ಕೆ ನಿಮ್ಮ ಸ್ವಂತ ಕೂಸನ್ನು ಕಳಿಸುವಿರಾ ಎಂದು ಕೇಳಿದಾಗ, ದೊಡ್ಡ ಕಂಪನಿಗಳ ನೌಕರರಲ್ಲಿ ಐವರಿಗೊಬ್ಬರಂತೆ, ಗುಣಮಟ್ಟದ ಕಾರಣಕ್ಕಾಗಿಯೇ, ಇಲ್ಲವೆಂದರು. ಬಡಿಸುವವಳೇ ಉಣ್ಣಲೊಲ್ಲದ ಅಡಿಗೆಯ ಬಗೆಗೆ ಬೇರೆ ಸಾಕ್ಷ್ಯವೇಕೆ?

2008ರ ಫೆಬ್ರವರಿಯಲ್ಲಿ ಲಾಭ ಕುಸಿಯಿತು, ಷೇರು ನೆಲಕಚ್ಚಿತು. ಅದೇ ನವೆಂಬರ್ 6ರಂದು ಕಂಪನಿ ಕೈಚೆಲ್ಲಿ ಆಡಳಿತಾಧಿಕಾರಿಗಳ ವಶವಾಯಿತು. ಆಗ ಆ ದೇಶದಲ್ಲಿ ಅದರ ಅಧೀನದಲ್ಲಿದ್ದ ಶಿಶುವಿಹಾರಗಳು ಸಾವಿರಕ್ಕೂ ಹೆಚ್ಚು, ಮಕ್ಕಳು ಲಕ್ಷದಷ್ಟು. ಸಕ್ಕರೆಯ ಕಾರ್ಖಾನೆ ಮುಳುಗಿದರೆ ಅದನ್ನು ಮುಚ್ಚಿ ಬೀಗ ಹಾಕಬಹುದು. ಲಕ್ಷ ಮಕ್ಕಳನ್ನು ಎಲ್ಲಿಡುವುದು? ಸರ್ಕಾರ ಮೊದಲು 2 ಕೋಟಿ 20 ಲಕ್ಷ ಡಾಲರುಗಳನ್ನೂ, ಅದು ಸಾಲದೆ ಮತ್ತೆ 3 ಕೋಟಿ 40 ಲಕ್ಷ ಡಾಲರುಗಳನ್ನೂ ಒದಗಿಸಿ ದೀಪ ಆರದಂತೆ ನೋಡಿಕೊಂಡಿತು. ಕೆಲವು ಶಿಶುವಿಹಾರಗಳು ಮುಚ್ಚಿದವು; ಕೆಲವನ್ನು ಬಿಡಿಬಿಡಿಯಾಗಿ ಮಾರಲಾಯಿತು. ಉಳಿದ ಬಹುಭಾಗವನ್ನು, ಎಂದರೆ ಸುಮಾರು 650 ಶಿಶುವಿಹಾರಗಳನ್ನು, ಕೊಳ್ಳಲು 2009ರ ಕೊನೆಯಲ್ಲಿ ಮುಂದೆ ಬಂದವರು ಯಾರೂ ನಿರೀಕ್ಷಿಸದವರು: ನಾಲ್ಕು ಸೇವಾಸಂಸ್ಥೆಗಳು. ಅವುಗಳಲ್ಲಿ ಬೆನೆವೊಲೆಂಟ್ ಸೊಸೈಟಿಯ ಹುಟ್ಟು 1813ರಷ್ಟು ಹಿಂದಿನದು. ಮಿಷನ್ ಆಸ್ಟ್ರೇಲಿಯ, ಬ್ರದರ್‌ಹುಡ್ ಆಫ್ ಸೇಂಟ್ ಲಾರೆನ್ಸ್, ಸೋಷಿಯಲ್ ವೆಂಚರ್ಸ್ ಆಸ್ಟ್ರೇಲಿಯ ಉಳಿದ ಮೂರು. ಸರ್ಕಾರದಿಂದ 1 ಕೋಟಿ 50 ಲಕ್ಷ ಡಾಲರ್ ಸಾಲ, ಬ್ಯಾಂಕಿನ ಸಾಲ, ಸಹೃದಯರಾದ ಹೂಡಿಕೆದಾರರ ಹಣ ಎಲ್ಲವನ್ನೂ ಕೂಡಿಸಿ ಅವು ತೆತ್ತ ಬೆಲೆ 9 ಕೋಟಿ 50 ಲಕ್ಷ ಡಾಲರ್. ಭಾಗಿಸಿ ನೋಡಿದರೆ ಶಿಶುವಿಹಾರವೊಂದಕ್ಕೆ ಒಂದೂವರೆ ಲಕ್ಷ ಡಾಲರಿಗಿಂತ ತುಸು ಕಡಮೆ. ಲೈಸೆನ್ಸುಗಳಿಗೆ ಕಟ್ಟಿದ್ದ ಆಕಾಶದ ಬೆಲೆ ಭೂಮಿಗೆ ಇಳಿದಿತ್ತು. ಹೊಸ ಸಂಸ್ಥೆಗೆ ಗುಡ್‌ಸ್ಟಾರ್ಟ್ ಎಂದು ಹೆಸರಿಟ್ಟರು. ಲಾಭಾಂಶ ಹಂಚುವ ಕಟ್ಟುಪಾಡು ಅದಕ್ಕಿರಲಿಲ್ಲ. ಮಿಕ್ಕ ಹಣ ಮತ್ತೆ ಮಕ್ಕಳ ಕಡೆಗೇ ತಿರುಗಬೇಕಾಗಿತ್ತು.

ಈಗ ನಮ್ಮ ಪ್ರಶ್ನೆಗೆ ಬರೋಣ. 9 ಕೋಟಿ 50 ಲಕ್ಷಕ್ಕೆ ಅವರು ಕೊಂಡದ್ದೇನು? ಕಟ್ಟಡಗಳು ಬಹುಮಟ್ಟಿಗೆ ಬಾಡಿಗೆಯವು. ಆಟದ ಸಾಮಾನು ಹಳೆಯದು. ಒಳ್ಳೆಯ ಹೆಸರಿಗೆ ವ್ಯಾಪಾರದಲ್ಲಿ ಪ್ರತ್ಯೇಕ ಬೆಲೆಯುಂಟು. ಇಲ್ಲಿ ಅದು ಸೊನ್ನೆಗಿಂತಲೂ ಕೆಳಗಿತ್ತು. ಉಳಿದದ್ದು, ಪ್ರತಿದಿನ ಬೆಳಗ್ಗೆ ಬಾಗಿಲಲ್ಲಿ ನಿಂತು ಅಳುವ ಮಗುವನ್ನು ತಾಯಿಯ ಕಂಕುಳಿಂದ ಬಿಡಿಸಿ ಎತ್ತಿಕೊಳ್ಳುತ್ತಿದ್ದ ಸಾವಿರಾರು ಹೆಂಗಸರು. ಕಂಪನಿ ಕುಸಿದ ವಾರದಲ್ಲಿಯೂ, ಮುಂದಿನ ಸಂಬಳದ ಭರವಸೆಯಿಲ್ಲದೆ, ಅವರು ಎಂದಿನಂತೆ ಕೆಲಸಕ್ಕೆ ಬಂದರು. ಷೇರುಪೇಟೆ ನಂಬದ ಆ ಮನೆಗೆ ತಾಯಂದಿರು ಮಕ್ಕಳನ್ನು ಕಳಿಸುತ್ತಲೇ ಇದ್ದುದರ ರಹಸ್ಯ ಅರ್ಧ ಇದು. ಇನ್ನರ್ಧ, ಬೇರೆ ದಾರಿಯಿಲ್ಲದಿದ್ದುದು. ಈ ಎರಡನೆಯದನ್ನು ಮರೆತು ಗುಡ್‌ಸ್ಟಾರ್ಟಿನ ಯಶಸ್ಸನ್ನು ಹಾಡಿ ಹೊಗಳುವವರುಂಟು. ಅದು ಸರಿಯೆಂದು ನಮಗೆ ತೋರುವುದಿಲ್ಲ.

ಹೊಸ ಒಡೆಯರಿಗೆ ಇನ್ನೊಂದು ಆಸರೆಯೂ ದೊರೆಯಿತು. 2012ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ಗುಣಮಟ್ಟದ ಚೌಕಟ್ಟು ಜಾರಿಗೆ ಬಂತು. ಎರಡು ವರ್ಷದೊಳಗಿನ ನಾಲ್ಕು ಕೂಸುಗಳಿಗೆ ಒಬ್ಬರು ಇರಲೇಬೇಕು. 2014ರಿಂದ, ಆರೈಕೆ ಮಾಡುವವರಲ್ಲಿ ಅರ್ಧದಷ್ಟು ಮಂದಿ ಡಿಪ್ಲೊಮಾ ಪಡೆದಿರಬೇಕು, ಇಲ್ಲವೆ ಅದಕ್ಕಾಗಿ ಓದುತ್ತಿರಬೇಕು. ಇಂತಹ ಕಾನೂನಿಲ್ಲದಿದ್ದರೆ ಪ್ರಾಮಾಣಿಕನಾದ ಕೊಳ್ಳುವವನ ಪಾಡು ಕಷ್ಟದ್ದು. ಅವನು ಕೂಸುಗಳನ್ನು ನೋಡಿಕೊಳ್ಳಲು ಇಬ್ಬರನ್ನಿಟ್ಟರೆ ಪಕ್ಕದವನು ಒಬ್ಬಳನ್ನಿಟ್ಟು ಶುಲ್ಕ ಇಳಿಸುತ್ತಾನೆ. ನೆಲಗಟ್ಟು ಎಲ್ಲರಿಗೂ ಒಂದೇ ಆದಾಗ ಮಾತ್ರ ಒಳ್ಳೆಯತನ ನಷ್ಟದ ಬಾಬ್ತಾಗದೆ ಉಳಿಯುತ್ತದೆ.

ಇಷ್ಟಾದರೂ, ಸೇವಾಸಂಸ್ಥೆಯ ಬೋರ್ಡೇ ರಕ್ಷಾಕವಚವೆಂದು ಯಾರೂ ತಿಳಿಯಬಾರದು. 2020ರ ಫೆಬ್ರವರಿಯಲ್ಲಿ ಕೇರ್ನ್ಸ್ ನಗರದ ಬಳಿಯ ಎಡ್ಮಂಟನ್ನಿನಲ್ಲಿ, ಇದೇ ಗುಡ್‌ಸ್ಟಾರ್ಟಿನ ಶಿಶುವಿಹಾರಕ್ಕೆ ಹೊರಟಿದ್ದ ಮೂರು ವರ್ಷದ ಮಗುವೊಂದು ಬಸ್ಸಿನಲ್ಲಿಯೇ ಉಳಿದುಹೋಗಿ ಬಿಸಿಲಿನ ಬೇಗೆಗೆ ಸತ್ತಿತು. ಸಂಸ್ಥೆ ಬದಲಾಗಿತ್ತು, ಉದ್ದೇಶ ಬದಲಾಗಿತ್ತು. ಆದರೆ ಬಸ್ಸಿನ ಸೀಟುಗಳನ್ನು ಒಂದೊಂದಾಗಿ ನೋಡುತ್ತ ಕೊನೆಯವರೆಗೆ ನಡೆಯಬೇಕಾಗಿದ್ದ ಎರಡು ಕಾಲುಗಳು ಅಂದು ನಡೆದಿರಲಿಲ್ಲ.

ಇಲ್ಲಿ ಒಂದು ಭೇದವನ್ನು ಮಾಡಬೇಕಾಗಿದೆ. ಈಗಿನ ಚರ್ಚೆಯಲ್ಲಿ ಅದು ಮಸುಕಾಗುತ್ತಿದೆಯೆಂದು ನಮ್ಮ ಶಂಕೆ. ಶಿಶುವಿಹಾರದ ಕೆಟ್ಟ ಹೆಸರಿನಲ್ಲಿ ಎರಡು ಬಗೆ. ಒಂದು, ಕಚೇರಿಯಲ್ಲಿ ಹುಟ್ಟಿದ್ದು: ಸಾಲ, ಹುಸಿಲೆಕ್ಕ, ದುರಾಸೆ. ಇನ್ನೊಂದು, ಮಕ್ಕಳ ಕೋಣೆಯಲ್ಲಿ ಹುಟ್ಟಿದ್ದು: ಹೊಡೆತ, ಅಲಕ್ಷ್ಯ, ಅದಕ್ಕಿಂತ ಹೀನವಾದದ್ದು. 2008ರ ಕಳಂಕ ಬಹುಪಾಲು ಮೊದಲ ಬಗೆಯದು. ಒಡೆಯನನ್ನು ಬದಲಾಯಿಸಿ, ಕೋಣೆಯಲ್ಲಿದ್ದವರನ್ನು ಉಳಿಸಿಕೊಂಡದ್ದೇ ಅಲ್ಲಿ ಔಷಧವಾಯಿತು. 2025ರ ಕಳಂಕ ಎರಡನೆಯ ಬಗೆಯದು. ಇಲ್ಲಿ ಒಡೆಯ ಬದಲಾದ ಮಾತ್ರಕ್ಕೆ ತಾಯಿಯ ಎದೆ ಹಗುರಾಗುವುದಿಲ್ಲ; ಕೋಣೆಯಲ್ಲಿ ಯಾರಿದ್ದರು, ಯಾರು ಕಂಡೂ ಸುಮ್ಮನಿದ್ದರು ಎಂಬುದು ಅವಳಿಗೆ ತಿಳಿಯಬೇಕು. ಹೊಸದಾಗಿ ಬಂದವರ ನಾಲಿಗೆಯ ಮೇಲೆ ಸುಲಭವಾಗಿ ಬರುವ ಮಾತೊಂದಿದೆ: “ಅದು ನಮ್ಮ ಕಾಲದ್ದಲ್ಲ.” ಕಾನೂನಿನ ದೃಷ್ಟಿಯಲ್ಲಿ ಅದು ನಿಜವೇ ಇರಬಹುದು. ಆದರೆ ಆ ಮಾತನ್ನಾಡಿದ ಗಳಿಗೆಯಲ್ಲಿ ಹಳೆಯ ದೂರುಗಳ ಕಡತಕ್ಕೆ ವಾರಸುದಾರರಿಲ್ಲದಂತಾಗುತ್ತದೆ. ಎರಡು ವರ್ಷದ ಹಿಂದೆ ಬಂದು, ಮಗು ರಾತ್ರಿ ಬೆಚ್ಚಿಬೀಳುತ್ತದೆಯೆಂದು ಹೇಳಿ, ಉತ್ತರವಿಲ್ಲದೆ ಹಿಂತಿರುಗಿದ ತಾಯಿ ಈಗ ಯಾರ ಬಾಗಿಲು ತಟ್ಟಬೇಕು? ಕೆಟ್ಟ ಹೆಸರಿನ ಶಿಶುವಿಹಾರವನ್ನು ಕೊಳ್ಳುವವನು ಲೈಸೆನ್ಸಿನ ಜತೆಗೆ ಆ ಕಡತವನ್ನೂ ಕೊಳ್ಳಬೇಕು. ಅದನ್ನು ತೆರೆದು ಓದಿ, ಬರೆದವರನ್ನು ಕರೆಸಿ ಮಾತನಾಡಬೇಕು. ಆ ದೇಶದಲ್ಲಿ ಶಿಶುವಿಹಾರದ ಅನುಮತಿಪತ್ರ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಅಧಿಕಾರಿಗಳಿಗೆ ಮುಂಚೆ ತಿಳಿಸಬೇಕೆಂಬ ನಿಯಮವಿದೆ. ಹಳೆಯ ದೂರುಗಳಿಗೆ ಹೊಸಬರು ಕೊಡುವ ಉತ್ತರವನ್ನೂ ಆಗಲೇ ಕೇಳಿಬಿಡುವುದು ಮೇಲು.

ದೂರದ ಸುದ್ದಿಯೆಂದು ಇದನ್ನು ಪಕ್ಕಕ್ಕಿಡುವಂತೆಯೂ ಇಲ್ಲ. ಮೆಲ್ಬೋರ್ನ್ ಸಿಡ್ನಿಗಳಲ್ಲಿ ಕನ್ನಡ ಸಂಘಗಳು ರಾಜ್ಯೋತ್ಸವ ನಡೆಸುವಷ್ಟು ಮಂದಿ ನಮ್ಮವರಿದ್ದಾರೆ. ಮೈಸೂರಿನಿಂದಲೋ ದಾವಣಗೆರೆಯಿಂದಲೋ ಹೋದ ಅಜ್ಜಿ ವೀಸಾದ ಅವಧಿ ಮುಗಿದು ಹಿಂತಿರುಗಿದ ಮೇಲೆ ಮೊಮ್ಮಗು ಹೋಗುವುದು ಇಂತಹ ಮನೆಗಳಿಗೇ. ಇಲ್ಲಿಯೂ ಕಾಲ ಬದಲಾಗಿದೆ. ಐವತ್ತು ಮಂದಿ ನೌಕರರಿರುವ ಕಡೆ ಶಿಶುಪಾಲನಾ ವ್ಯವಸ್ಥೆ ಇರಲೇಬೇಕೆಂದು 2017ರ ತಿದ್ದುಪಡಿ ವಿಧಿಸಿತು. ಕರ್ನಾಟಕ ಸರ್ಕಾರ 2023-24ರ ಮುಂಗಡಪತ್ರದಲ್ಲಿ ಗ್ರಾಮಪಂಚಾಯಿತಿಗಳಿಗಾಗಿ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿ ಅವಕ್ಕೆ ‘ಕೂಸಿನ ಮನೆ’ ಎಂದು ಹೆಸರಿಟ್ಟಿತು. ಹೆಸರಿಟ್ಟವರು ಯಾರೋ, ಅವರ ಕಿವಿ ಚೆನ್ನಾಗಿದೆ. ಬೆಂಗಳೂರಿನ ಬಡಾವಣೆಗಳಲ್ಲಾದರೋ ಶಿಶುವಿಹಾರಗಳು ಕೈಯಿಂದ ಕೈಗೆ ಹೋಗುವುದು ಬೇಸಿಗೆಯ ರಜದಲ್ಲಿ. ಜೂನ್ ತಿಂಗಳಿನಲ್ಲಿ ಬಂದ ಪೋಷಕರಿಗೆ ಕಾಣುವುದು ಹೊಸ ಬಣ್ಣ, ಹೊಸ ಬೋರ್ಡು.

ನಮ್ಮ ಬೀದಿಯಲ್ಲಿಯೇ ಅಂಥದೊಂದಿದೆ. ಶುಲ್ಕ ವಸೂಲಿಯಲ್ಲಿ ಚುರುಕು, ಉಳಿದೆಲ್ಲದರಲ್ಲಿ ಮಂದ ಎಂದು ಹೆಸರು ಕೆಡಿಸಿಕೊಂಡಿದ್ದ ಮನೆ ಅದು. ಹೊಸಬರು ಕೊಂಡ ಮೇಲೆ ಪಕ್ಕದ ಮನೆಯ ಸೊಸೆ ನೋಡಿಬರಲು ಹೋದಳು. ಗೋಡೆಯ ಮೇಲಿನ ಆನೆ ಜಿರಾಫೆಗಳನ್ನು ನೋಡಿದಳು, ಮೇಡಂ ಹೇಳಿದ್ದನ್ನೆಲ್ಲ ಕೇಳಿದಳು, ಕ್ಯಾಮೆರಾಗಳನ್ನು ಎಣಿಸಿದಳು. ಹೊರಗೆ ಬರುವಾಗ ಗೇಟಿನ ಬಳಿ ಕುಳಿತಿದ್ದ ಕಾವಲುಗಾರನನ್ನು ಮೆಲ್ಲಗೆ ಕೇಳಿದಳಂತೆ:

“ಹಳೇ ಆಯಾ ಇದ್ದಾರಾ ತಾತ?”

“ಇದ್ದಾರಮ್ಮ. ಹಳಬರು ಮೂರು ತಿಂಗಳ ಸಂಬಳ ಬಾಕಿ ಇಟ್ಟು ಹೋಗಿದ್ದರು. ಇವರು ಬಂದ ವಾರವೇ ಅದನ್ನು ಕೊಟ್ಟರು.”