ನಾಲ್ಕು ಡಿಸ್ಕಿನ ಪೆಟ್ಟಿಗೆಯ ಮೇಲಿನ ಕುರುಡು ಭರವಸೆ



ನಮ್ಮ ಭಾಗದಲ್ಲಿ ಇತ್ತೀಚೆಗೆ ಒಂದು ಹೊಸ ನಂಬಿಕೆ ಹುಟ್ಟಿಕೊಂಡಿದೆ. ಜಾತ್ರಾ ಸಮಿತಿಯವರನ್ನಾಗಲಿ, ಬಯಲಾಟದ ಮೇಳದವರನ್ನಾಗಲಿ, ಮದುವೆ ಚಿತ್ರೀಕರಿಸುವ ಸ್ಟುಡಿಯೋದವರನ್ನಾಗಲಿ ಕೇಳಿದರೆ, "ರೇಡ್ ಹಾಕಿಸೇವ್ರೀ ಸರ್, ಇನ್ನ ವಿಡಿಯೋ ಎಲ್ಲೂ ಹೋಗೂದಿಲ್ಲ" ಎನ್ನುತ್ತಾರೆ. ನಾಲ್ಕು ಹಾರ್ಡ್ ಡಿಸ್ಕುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ, ಸಂಘದ ಹಣವನ್ನೆಲ್ಲ ಅದಕ್ಕೆ ಸುರಿದು, ಅಲ್ಲಿಗೆ ಚಿಂತೆ ಮುಗಿಯಿತೆಂದು ನಿಶ್ಚಿಂತರಾಗುತ್ತಾರೆ. ಈ ನಿಶ್ಚಿಂತೆ ಅಪಾಯಕಾರಿಯಾದುದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಬರೆಯುತ್ತೇನೆ. ಒಪ್ಪದವರು ವಾದಿಸಲಿ, ಸಂತೋಷ.

ಮೊದಲು, ನಾವು ಉಳಿಸಹೊರಟಿರುವುದು ಏನನ್ನು ಎಂಬುದನ್ನು ಯೋಚಿಸೋಣ. ಬೈಲಹೊಂಗಲದ ನೆಲದಲ್ಲಿ ಹುಟ್ಟಿದ ಸಂಗ್ಯಾ ಬಾಳ್ಯಾ ಸಣ್ಣಾಟ, ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಭರತ ಹುಣ್ಣಿಮೆಗೆ ಕೇಳಿಬರುವ ಚೌಡಕಿ ಪದ, ಹಳ್ಳಿಹಳ್ಳಿಯ ಡೊಳ್ಳಿನ ಪದ, ಅಕ್ಟೋಬರಿನಲ್ಲಿ ನಡೆಯುವ ಕಿತ್ತೂರು ಉತ್ಸವ. ಇವುಗಳ ಮಾತನ್ನು ಪುಸ್ತಕದಲ್ಲಿ ಅಚ್ಚು ಹಾಕಬಹುದು. ಆದರೆ ಹಾಡುವವನ ಧಾಟಿ, ಹೆಜ್ಜೆಯ ಗತ್ತು, ಹಿಮ್ಮೇಳದವನು ಎತ್ತಿಕೊಡುವ ಸೊಲ್ಲು ಇವು ಅಚ್ಚಿಗೆ ಸಿಕ್ಕುವಂಥವಲ್ಲ. ಹಾಡಿದವರು ಕಣ್ಮರೆಯಾದ ಮೇಲೆ ಆ ಚಿತ್ರಣವೊಂದೇ ಉಳಿಯುವುದು. ಅದನ್ನು ಎರಡನೆಯ ಸಲ ಚಿತ್ರಿಸಲು ಬಾರದು.

ಕಳೆದುಕೊಂಡ ನೋವು ಕನ್ನಡಿಗರಿಗೆ ಹೊಸದಲ್ಲ. ನಮಗೆ ಹತ್ತಿರದ ಕೊಲ್ಲಾಪುರದಲ್ಲಿ ಚಿತ್ರೀಕರಣಗೊಂಡು 1934ರಲ್ಲಿ ತೆರೆಕಂಡ 'ಸತಿ ಸುಲೋಚನ' ಕನ್ನಡದ ಮೊದಲ ವಾಕ್ಚಿತ್ರ. ಅದರ ಪ್ರತಿ ಇಂದು ಲಭ್ಯವಿಲ್ಲ. ಕನ್ನಡ ಬೆಳ್ಳಿತೆರೆಯ ಮೇಲೆ ಮೊದಲು ಹೇಗೆ ಮಾತನಾಡಿತೆಂಬುದನ್ನು ನಾವು ಓದಿ ತಿಳಿಯಬೇಕೇ ಹೊರತು ಕೇಳಿ ತಿಳಿಯುವಂತಿಲ್ಲ.

ಇನ್ನು ರೇಡ್ ಎಂದರೇನು? 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು ಒಂದು ಪ್ರಬಂಧ ಪ್ರಕಟಿಸಿದರು. ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಜೋಡಿಸಿ ದುಡಿಸಿಕೊಳ್ಳಬಹುದು, ಅವುಗಳಲ್ಲಿ ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡಬಹುದು ಎಂಬುದು ಅದರ ಸಾರ. ಜೋಡಿಸುವ ರೀತಿಗಳು ಹಲವು. ರೇಡ್ 0 ಎಂದರೆ ಮಾಹಿತಿಯನ್ನು ಹಂಚಿ ಬರೆಯುವುದು. ವೇಗ ಹೆಚ್ಚು, ಆದರೆ ಒಂದು ಡಿಸ್ಕ್ ಕೆಟ್ಟರೆ ಎಲ್ಲವೂ ಹೋಯಿತು. ರೇಡ್ 1 ಎಂದರೆ ಒಂದರಲ್ಲಿದ್ದುದನ್ನೇ ಇನ್ನೊಂದರಲ್ಲಿಯೂ ಬರೆಯುವುದು. ರೇಡ್ 5 ಒಂದು ಡಿಸ್ಕಿನ ನಾಶವನ್ನು ತಡೆದುಕೊಳ್ಳುತ್ತದೆ, ರೇಡ್ 6 ಎರಡರ ನಾಶವನ್ನು. 8 ಟೆರಾಬೈಟಿನ ನಾಲ್ಕು ಡಿಸ್ಕುಗಳಿದ್ದರೆ ರೇಡ್ 5ರಲ್ಲಿ 24, ರೇಡ್ 6ರಲ್ಲಿ 16 ಟೆರಾಬೈಟ್ ಬಳಕೆಗೆ ದೊರೆಯುತ್ತದೆ. ಜಾಗ ಹೆಚ್ಚು ಸಿಗುವುದೆಂದು ನಮ್ಮವರು ರೇಡ್ 5ಕ್ಕೇ ಮರುಳಾಗುತ್ತಾರೆ.

ನನ್ನ ತರಗತಿಯಲ್ಲಿ ಗಣಿತ ಕಲಿತವರಿಗೆ ಇದರ ಗುಟ್ಟು ಸುಲಭವಾಗಿ ತಿಳಿದೀತು. ಒಬ್ಬ ಹುಡುಗನ ಮೂರು ವಿಷಯದ ಅಂಕಗಳು 62, 71, 55, ಮೊತ್ತ 188. ನಡುವಿನ ಅಂಕ ಅಳಿಸಿಹೋದರೂ ಮೊತ್ತದಿಂದ ಉಳಿದೆರಡನ್ನು ಕಳೆದರೆ 71 ಎಂದು ಸಿಕ್ಕುತ್ತದೆ. ಎರಡು ಅಂಕಗಳು ಅಳಿಸಿಹೋದರೆ ಯಾವ ಗಣಿತವೂ ಅವನ್ನು ಮರಳಿ ತಾರದು. ಯಂತ್ರವು ಕೂಡುವ ಬದಲು ಸೊನ್ನೆ-ಒಂದುಗಳ ಬೇರೊಂದು ಲೆಕ್ಕ ಮಾಡುತ್ತದೆ, ಅಷ್ಟೇ. ರೇಡ್ 5ರ ಮರ್ಮವೆಲ್ಲ ಇದೇ.

ಈಗ ನನ್ನ ಮುಖ್ಯ ಆಕ್ಷೇಪಣೆಗೆ ಬರುತ್ತೇನೆ. ಯಾರೋ ಆ 71ನ್ನು ಅಳಿಸಿ 17 ಎಂದು ತಿದ್ದಿದರೆಂದುಕೊಳ್ಳಿ. ರೇಡ್ ಆಗ ತಕರಾರು ತೆಗೆಯುವುದಿಲ್ಲ. ಅತ್ಯಂತ ವಿಧೇಯತೆಯಿಂದ ಮೊತ್ತವನ್ನೂ 134 ಎಂದು ತಿದ್ದಿಕೊಳ್ಳುತ್ತದೆ! ಅಂದರೆ, ಸ್ಟುಡಿಯೋದ ಹುಡುಗನೊಬ್ಬ ಅವಸರದಲ್ಲಿ ಒಂದು ಫೋಲ್ಡರನ್ನು ಅಳಿಸಿದರೆ ಅದು ನಾಲ್ಕೂ ಡಿಸ್ಕುಗಳಿಂದ ಅದೇ ಕ್ಷಣದಲ್ಲಿ ಅಳಿದುಹೋಗುತ್ತದೆ. ವೈರಸ್ ಹೊಕ್ಕರೂ ಹಾಗೆಯೇ. ಡಿಸ್ಕ್ ಸಾಯುವುದರಿಂದ ರೇಡ್ ಕಾಪಾಡೀತು. ಮನುಷ್ಯನ ಕೈತಪ್ಪಿನಿಂದ, ಕಳ್ಳನಿಂದ, ಬೆಂಕಿಯಿಂದ, ನೀರಿನಿಂದ ಕಾಪಾಡಲಾರದು.

ಇದು ಹಳ್ಳಿಯ ಹುಡುಗರ ಮಾತಷ್ಟೇ ಎಂದು ತಿಳಿಯಬೇಡಿ. 1998ರಲ್ಲಿ ಪಿಕ್ಸಾರ್ ಎಂಬ ಹೆಸರಾಂತ ಸಂಸ್ಥೆ 'ಟಾಯ್ ಸ್ಟೋರಿ 2' ಚಿತ್ರ ತಯಾರಿಸುತ್ತಿದ್ದಾಗ, ಅಳಿಸುವ ಆಜ್ಞೆಯೊಂದು ತಪ್ಪಾಗಿ ಚಲಾವಣೆಯಾಗಿ ಚಿತ್ರದ ಬಹುಪಾಲು ಕಡತಗಳು ಮಾಯವಾದವು. ನಕಲು ತೆಗೆದಿಡುವ ವ್ಯವಸ್ಥೆಯೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಚಿತ್ರವನ್ನು ಉಳಿಸಿದ್ದು ಯಾವುದು? ಗೇಲಿನ್ ಸಸ್ಮನ್ ಎಂಬ ಉದ್ಯೋಗಿ ಮಗುವಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಒಂದು ಪ್ರತಿ. ಬೇರೊಂದು ಜಾಗದಲ್ಲಿದ್ದ ಪ್ರತಿಯ ಬೆಲೆ ಇದು.

ನೀರಿನ ಮಾತನ್ನು ರಾಮದುರ್ಗದವರಿಗೆ ನಾನು ಹೇಳಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟಣಕ್ಕೂ ನದಿದಂಡೆಯ ಹಳ್ಳಿಗಳಿಗೂ ನುಗ್ಗಿದಳು. ಅಂಥ ದಿನ ಮನೆಯಲ್ಲಿ ನಾಲ್ಕು ಡಿಸ್ಕಿನ ಪೆಟ್ಟಿಗೆಯಿದ್ದರೆ ನಾಲ್ಕೂ ಒಟ್ಟಿಗೇ ಮುಳುಗುತ್ತವೆ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವಿಗೆ ನೀರು ಇಳಿದರೆ ಒಳಗಿನ ಕಾಳೆಲ್ಲ ಮುಗ್ಗುತ್ತದೆ. ಒಳಗೆ ನಾಲ್ಕು ಗೋಡೆ ಕಟ್ಟಿದ್ದರೂ ಏನು ಪ್ರಯೋಜನ? ಬೀಜದ ಕಾಳು ಬೇರೆಡೆ ಇದ್ದವನು ಮಾತ್ರ ಮುಂದಿನ ವರ್ಷ ಬಿತ್ತುತ್ತಾನೆ.

ಡಿಸ್ಕ್ ಸತ್ತಾಗಲಾದರೂ ರೇಡ್ 5 ಪೂರ್ಣ ರಕ್ಷಣೆಯೇ? ಅದೂ ಅಲ್ಲ. ಕೆಟ್ಟದ್ದರ ಜಾಗದಲ್ಲಿ ಹೊಸ ಡಿಸ್ಕ್ ಇಟ್ಟಾಗ ಉಳಿದ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಿ ಲೆಕ್ಕ ಹಾಕಬೇಕಾಗುತ್ತದೆ. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ, ಎಲ್ಲಿಯೂ ತಡೆಯಾಗದೆ ನಡೆದರೂ 8 ಟೆರಾಬೈಟಿಗೆ ಸುಮಾರು 15 ಗಂಟೆ ಬೇಕು. ಅಷ್ಟು ಹೊತ್ತು ಯಾವ ರಕ್ಷಣೆಯೂ ಇರುವುದಿಲ್ಲ. ಒಂದೇ ದಿನ ಕೊಂಡ, ಒಂದೇ ವಯಸ್ಸಿನ, ಒಂದೇ ಧೂಳು ಉಂಡ ಆ ಮೂರರಲ್ಲಿ ಇನ್ನೊಂದು ಕೈಕೊಟ್ಟರೆ ಕಥೆ ಮುಗಿಯಿತು. ನಡುವೆ ಕರೆಂಟು ಹೋದರೆ ಅದೊಂದು ಬೇರೆ ಗಂಡಾಂತರ.

ಹಾಗಾದರೆ ಏನು ಮಾಡಬೇಕು? ಲೆಕ್ಕ ಹಾಕೋಣ. ಇಂದಿನ ಒಳ್ಳೆಯ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆದರೆ ಗಂಟೆಗೆ 45 ಗಿಗಾಬೈಟ್ ಆಗುತ್ತದೆ. ರಾತ್ರಿಯಿಡೀ ಎಂಟು ಗಂಟೆ ನಡೆಯುವ ಸಣ್ಣಾಟ ಒಂದು ಕ್ಯಾಮೆರಾದಲ್ಲಿ 360 ಗಿಗಾಬೈಟ್. 8 ಟೆರಾಬೈಟಿನ ಒಂದೇ ಡಿಸ್ಕಿನಲ್ಲಿ ಇಂಥ 22 ಆಟಗಳು ಹಿಡಿಯುತ್ತವೆ. ನಮ್ಮ ಎಷ್ಟು ಊರುಗಳ ಸಂಘದವರ ಬಳಿ ಇದಕ್ಕಿಂತ ಹೆಚ್ಚು ಇದೆ? ಹೀಗಿರುವಾಗ ನಾಲ್ಕು ಡಿಸ್ಕು ಮತ್ತು ಪೆಟ್ಟಿಗೆಗೆ ಹಣ ಕೊಡುವ ಬದಲು ಮೂರೇ ಡಿಸ್ಕು ಕೊಳ್ಳಿ. ಮೂರರಲ್ಲಿಯೂ ಪೂರ್ತಿ ನಕಲು ಮಾಡಿ. ಒಂದು ರಾಮದುರ್ಗದಲ್ಲಿರಲಿ, ಒಂದು ಎತ್ತರದ ಸವದತ್ತಿಯಲ್ಲೋ ಬೈಲಹೊಂಗಲದಲ್ಲೋ ಬೀಗರ ಮನೆಯಲ್ಲಿರಲಿ, ಮತ್ತೊಂದು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಗನ ಮನೆಗೆ ಹೋಗಲಿ. ವರ್ಷಕ್ಕೆರಡು ಸಲ ಹೊರತೆಗೆದು, ಕಂಪ್ಯೂಟರಿಗೆ ಜೋಡಿಸಿ, ಕಡತಗಳನ್ನು ತೆರೆದು ನೋಡಿ. ತೆರೆದು ನೋಡದ ನಕಲನ್ನು ನಂಬುವಂತಿಲ್ಲ. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸಿ. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮಾತ್ರಕ್ಕೆ ತಿಪ್ಪೆಗೆ ಎಸೆಯಬೇಡಿ.

"ಯೂಟ್ಯೂಬಿನಾಗ ಹಾಕೇವಲ್ರೀ" ಎಂದು ಕೆಲವರು ವಾದಿಸುತ್ತಾರೆ. ಹಾಕಿ, ಹತ್ತು ಜನ ನೋಡಲಿ. ಆದರೆ ಅಲ್ಲಿ ಕಾಣುವುದು ಹಿಂಡಿ ಚಿಕ್ಕದಾಗಿಸಿದ ಪ್ರತಿ. ಖಾತೆಯ ಪಾಸ್‌ವರ್ಡ್ ಬಲ್ಲವನು ಊರು ಬಿಟ್ಟರೆ ಅದೂ ಕೈಗೆ ಸಿಗುವುದಿಲ್ಲ. ಅದು ಪ್ರದರ್ಶನವೇ ಹೊರತು ಸಂರಕ್ಷಣೆಯಲ್ಲ.

ರೇಡ್ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಲಗ್ನಸರಾಯಿಯಲ್ಲಿ ಹಗಲಿರುಳು ಸಂಕಲನ ಮಾಡುವ ನನ್ನ ಶಿಷ್ಯರಿಗೆ, ಡಿಸ್ಕ್ ಕೆಟ್ಟಿತೆಂದು ಎರಡು ದಿನ ಅಂಗಡಿ ಮುಚ್ಚಲು ಸಾಧ್ಯವಿಲ್ಲ. ಅವರು ರೇಡ್ 1 ಅಥವಾ ರೇಡ್ 6 ಇಟ್ಟುಕೊಳ್ಳಲಿ, ಜೊತೆಗೆ ಯುಪಿಎಸ್ ಇರಲಿ. ರೇಡ್ 0ಯನ್ನು ಬಳಸುವುದಾದರೆ ಅವಸರದ ಸಂಕಲನಕ್ಕಷ್ಟೇ ಬಳಸಿ, ಮೂಲವನ್ನು ಬೇರೆಡೆ ಇಡಲಿ. ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ರೇಡಿನ ಧರ್ಮ. ಕಳೆದುದನ್ನು ಮರಳಿ ಕೊಡುವುದು ನಕಲಿನ ಧರ್ಮ. ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸುವುದೇ ನಮ್ಮವರು ಮಾಡುತ್ತಿರುವ ಪ್ರಮಾದ. ಸಂಘದ ಹಣ ಒಂದಕ್ಕೇ ಸಾಲುವಂತಿದ್ದರೆ ಪೆಟ್ಟಿಗೆಯನ್ನು ಬಿಡಿ, ನಕಲನ್ನು ಮಾಡಿ.

ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ನಿಮಗೆಲ್ಲ ಗೊತ್ತು. ಈ ಮಳೆಗಾಲ ಬರುವುದರೊಳಗೆ ನಿಮ್ಮ ನಿಮ್ಮ ಊರಿನ ಸಂಘದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: "ಈ ಪೆಟ್ಟಿಗೆ ನಾಳೆ ಕಳುವಾದರೆ ಎರಡನೆಯ ಪ್ರತಿ ಯಾರ ಮನೆಯಲ್ಲಿದೆ?" ಉತ್ತರವಾಗಿ ಒಂದು ಊರಿನ ಹೆಸರು, ಒಂದು ಮನೆಯ ಹೆಸರು ಬರಬೇಕು. ಬಾರದಿದ್ದರೆ ಅಂದೇ ಒಂದು ಡಿಸ್ಕ್ ಕೊಂಡು ನಕಲು ಮಾಡಲು ತೊಡಗಿ.