ಬದುವಿನ ಮೇಲೆ ಬೇಲಿ ಮೆಂತೆಗೂ ಜಾಗ ಕೊಡೋಣ

ಯರಗುಪ್ಪಿ ಸುತ್ತಲಿನ ಎರೆ ಹೊಲಗಳಲ್ಲಿ ನಾವು ‘ನಮ್ಮವು’ ಎನ್ನುವ ಎಷ್ಟೋ ಬೆಳೆಗಳು ಪರದೇಶದವು. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಮೂರೂ ಅಮೆರಿಕ ಖಂಡದಿಂದ ಬಂದವು. 1981ರಲ್ಲಿ ಧಾರವಾಡದಿಂದ ಬಂದ ಜಯಲಕ್ಷ್ಮಿ ಹತ್ತಿ, ಅಂದರೆ ಡಿಸಿಎಚ್-32, ಆ ಖಂಡದ ಮೂಲದ ಎರಡು ಜಾತಿಗಳ ಕೂಡುತಳಿ. ಎಮ್ಮೆಗೆ ಇಡುವ ಶೇಂಗಾ ಹಿಂಡಿಯೂ ಹೊರಗಿನ ಬೀಜದ ಫಲವೇ. ಹಾಗಿರುವಾಗ ಹೊಸ ಮೇವಿನ ಬೀಜ ಎಂದೊಡನೆ ಹಿಂಜರಿಯುವುದು ಏಕೆ?

ನಮ್ಮ ಕೊಟ್ಟಿಗೆಯಲ್ಲಿ ಕಣಿಕೆಗೆ ಕೊರತೆ ಇಲ್ಲದಿದ್ದರೂ ದ್ವಿದಳ ಮೇವಿಗೆ ಕೊರತೆ ಇದೆ. ಜೋಳದ ಕಣಿಕೆಯಲ್ಲಿ ಪ್ರೋಟೀನು ನೂರಕ್ಕೆ ನಾಲ್ಕರ ಆಸುಪಾಸು. ಅದನ್ನು ತುಂಬಲು ಹಿಂಡಿ ಚೀಲ ತರುತ್ತೇವೆ. ಹಾಲಿನ ಬಿಲ್ಲು ಕೈಗೆ ಬರುವ ಮೊದಲೇ ಕರಗುತ್ತದೆ. ಅಮೆರಿಕದ ಬಿಸಿ ನಾಡುಗಳಿಂದ ಬಂದ ಬೇಲಿ ಮೆಂತೆಯ ಒಣ ಸೊಪ್ಪಿನಲ್ಲಿ ಪ್ರೋಟೀನು ನೂರಕ್ಕೆ ಇಪ್ಪತ್ತರ ಹತ್ತಿರ ಇರುತ್ತದೆ. ಒಮ್ಮೆ ಬಿತ್ತಿದರೆ ಕೆಲವು ವರ್ಷ ಬಾಳುತ್ತದೆ. ಬೀಜದ ಸಿಪ್ಪೆ ಗಟ್ಟಿ. ಕುದಿ ಇಳಿದ ಬಿಸಿ ನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ಬಿತ್ತಬೇಕು. ನೀರಿನ ಆಸರೆ ಇದ್ದರೆ ಮೂರು ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಸುಮಾರು 40 ದಿನಕ್ಕೊಮ್ಮೆ. ಬರೀ ಮಳೆಯಾದರೆ ಕೊಯ್ಲು ಕಡಿಮೆ.

ಎಚ್ಚರವೂ ಬೇಕು. ಕಾಂಗ್ರೆಸ್ ಕಸವೂ ಅಮೆರಿಕ ಖಂಡದ್ದೇ. ಅದನ್ನು ದನ ತಿಂದರೆ ಹಾಲು ಕಹಿ. ಆದ್ದರಿಂದ ಸಂತೆಯಲ್ಲಿ ಸಿಕ್ಕ ಗುರುತಿಲ್ಲದ ಬೀಜ ಬೇಡ. ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲೇ ಇದೆ, ಕೃಷಿ ವಿಶ್ವವಿದ್ಯಾಲಯವೂ ಇದೆ. ಅಲ್ಲಿ ಕೇಳಿ ತರೋಣ. ಬೇಲಿ ಮೆಂತೆಯ ಕಾಯಿ ಒಣಗಿ ಬೀಜ ಸಿಡಿಯುವ ಮೊದಲೇ ಕೊಯ್ಯೋಣ, ಇಲ್ಲವಾದರೆ ಅದೂ ಕಳೆಯಾದೀತು. ಹಸಿ ಸೊಪ್ಪನ್ನು ಕಣಿಕೆಯೊಂದಿಗೆ ಬೆರೆಸಿಯೇ ಹಾಕೋಣ. ಹೊಸದು ಬಂತೆಂದು ಹುರುಳಿ, ಅಲಸಂದಿ, ಮಡಿಕೆ ಕಾಳಿನ ಬೀಜದ ಗಡಿಗೆ ಬರಿದಾಗಬಾರದು. ಮಳೆ ಕೈಕೊಟ್ಟ ವರ್ಷ ಕೈಹಿಡಿಯುವವು ಅವೇ.

ಹೊಲದ ಉತಾರ ಯಾರ ಹೆಸರಿನಲ್ಲಿದ್ದರೂ ದನದ ಹೊಟ್ಟೆಯ ಲೆಕ್ಕ ಹೆಂಗಸರದೇ. ಹತ್ತಿ, ಮೆಣಸಿನಕಾಯಿಯ ಸಾಲು ಬಿಟ್ಟುಕೊಡಿ ಎಂದರೆ ಮನೆಯಲ್ಲಿ ಒಪ್ಪಲಿಕ್ಕಿಲ್ಲ. ಬದು ಕೇಳಿದರೆ ಒಪ್ಪಿಯಾರು. ಬರುವ ಸಂಘದ ಸಭೆಯಲ್ಲಿ ಸುಮ್ಮನೆ ಕೂರದೆ ಒಂದು ಮಾತು ಎತ್ತೋಣ: ಮುಂಗಾರಿಗೆ ಮುಂಚೆ ಪರೀಕ್ಷಿಸಿದ ಮೇವಿನ ಬೀಜ ಸಂಘಕ್ಕೇ ಬರಲಿ, ಬಿತ್ತುವ ರೀತಿಯನ್ನು ನಮಗೇ ಕಲಿಸಲಿ.