ಊರಲ್ಲಿ ಸೋಮಾರಿ, ಬೆಂಗಳೂರಲ್ಲಿ ಗಟ್ಟಿ ಆಳು: ಒಬ್ಬಳೇ ಹೆಣ್ಣುಮಗಳಿಗೆ ಎರಡು ಹೆಸರು

"ಆಳು ಸಿಗವಲ್ರು ನೋಡ್ರಿ. ಅಕ್ಕಿ ಪುಕ್ಕಟೆ ಬರ್ತದ, ತಿಂಗಳಾ ಎರಡು ಸಾವಿರ ಬರ್ತದ. ಮಂದಿ ಸೋಮಾರಿ ಆಗ್ಯಾರ."

ಈ ಮಾತು ಕೇಳದ ಕಟ್ಟೆ ನಮ್ಮ ರಾಯಚೂರು ಕಡೆ ಇಲ್ಲ. ಚಹಾದಂಗಡಿಯಲ್ಲಿ ಕೇಳುತ್ತೇವೆ, ಬಸ್ಸಿನಲ್ಲಿ ಕೇಳುತ್ತೇವೆ, ಮದುವೆ ಊಟದ ಸಾಲಿನಲ್ಲೂ ಕೇಳುತ್ತೇವೆ. ಕೇಳಿ ತಲೆ ಆಡಿಸುತ್ತೇವೆ. ಹೋದ ಹತ್ತಿ ಸುಗ್ಗಿಯಲ್ಲಿ ನಮ್ಮ ಬಳಗದ ಮಾವ ಒಬ್ಬರು ಇದನ್ನೇ ನನ್ನ ಮುಂದೆ ಹೇಳಿದರು. ಹೇಳಿದ್ದು ನಮ್ಮ ಚಿಗವ್ವನ ಬಗ್ಗೆ. "ಹತ್ತಿ ಬಿಡಿಸಾಕ ಬಾ ಅಂದ್ರ ಒಲ್ಲೆ ಅಂದ್ಲು. ಗೃಹಲಕ್ಷ್ಮಿ ಬಂದ ಮ್ಯಾಲ ಸೊಕ್ಕು ಹೆಚ್ಚಾಗ್ಯದ."

ಚಿಗವ್ವ ಯಾಕೆ ಒಲ್ಲೆ ಅಂದಳು ಎಂದು ಮಾವ ಹೇಳಲಿಲ್ಲ. ನಾನು ಹೇಳುತ್ತೇನೆ. ಅದರ ಹಿಂದಿನ ವರ್ಷ ಅದೇ ಹೊಲದಲ್ಲಿ ಹತ್ತಿ ಬಿಡಿಸಿದ್ದಳು. ಆ ಕೂಲಿ ಕೈಗೆ ಬಂದದ್ದು ಯುಗಾದಿ ದಾಟಿದ ಮೇಲೆ, ಅದೂ ನಾಲ್ಕು ಸಲ ಮನೆ ಬಾಗಿಲಿಗೆ ಅಲೆದ ಮೇಲೆ.

ಒಲ್ಲೆ ಅಂದವಳು ಮನೆಯಲ್ಲಿ ಕಾಲು ಚಾಚಿ ಕೂತಳೇ? ಇಲ್ಲ. ಹದಿನೈದು ದಿನದಲ್ಲಿ ಗುಳೆ ಹೋದಳು. ಈಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಾಳೆ. ತಗಡಿನ ಶೆಡ್ಡಿನಲ್ಲಿ ಇರುತ್ತಾಳೆ, ಬೆಳಗ್ಗೆಯಿಂದ ಸಂಜೆ ತನಕ ಉಸುಕು, ಇಟ್ಟಿಗೆ ಹೊರುತ್ತಾಳೆ. ಅಲ್ಲಿನ ಮೇಸ್ತ್ರಿ ಏನಂತಾನೆ ಗೊತ್ತೇ? "ನಿಮ್ಮ ಕಡೆಯವ್ರು ಗಟ್ಟಿ ಆಳುಗಳು. ಇಲ್ಲಿಯವ್ರು ಸೋಮಾರಿಗಳು."

ಹೆಣ್ಣುಮಗಳು ಒಬ್ಬಳೇ, ರಟ್ಟೆಯೂ ಅದೇ. ಬಸ್ ಹತ್ತಿದಾಗ ಸೋಮಾರಿ, ಇಳಿದಾಗ ಗಟ್ಟಿ ಆಳು. ನಡುವೆ ಬದಲಾದದ್ದು ಏನು?

ಇದು ನಮ್ಮ ಊರಿನ ಕತೆ ಅಷ್ಟೇ ಅಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಈಗ ಅಸ್ಸಾಮಿನಿಂದ ಬಂದವರು ದುಡಿಯುತ್ತಾರೆ. ಅಲ್ಲೂ ಇದೇ ರಾಗ: "ಸ್ಥಳೀಯರು ದುಡಿಯಲ್ಲ, ಅಸ್ಸಾಮಿನವರು ನೋಡಿ ಕಲೀಬೇಕು." ಆ ಅಸ್ಸಾಮಿನ ಊರಿನ ಕಟ್ಟೆಯ ಮೇಲೂ ಯಾರೋ ಒಬ್ಬ ಮಾವ ಕೂತು, "ನಮ್ಮ ಹುಡುಗ್ರು ಸೋಮಾರಿಗಳು" ಎನ್ನುತ್ತಿರಬಹುದು.

ನನಗೆ ಅರ್ಥವಾದದ್ದು ಇಷ್ಟು. ನಾವು ಸೋಮಾರಿ ಎಂದು ಕರೆಯುವುದು ದುಡಿಯದವರನ್ನಲ್ಲ, ನಾವು ಹೇಳಿದ ಕೂಲಿಗೆ ಒಲ್ಲೆ ಎನ್ನಬಲ್ಲವರನ್ನು. ಶ್ರಮಜೀವಿ ಎಂದು ಹೊಗಳುವುದು ಒಲ್ಲೆ ಎನ್ನಲು ಆಗದವರನ್ನು. ಸ್ವಂತ ಊರಲ್ಲಿ ಸೂರು ಇದೆ, ಪಡಿತರ ಇದೆ, ಅಣ್ಣತಮ್ಮಂದಿರಿದ್ದಾರೆ. ಕೂಲಿ ಸರಿ ಇಲ್ಲದಿದ್ದರೆ ಎರಡು ದಿನ ತಡೆದುಕೊಳ್ಳಬಹುದು. ಪರವೂರಲ್ಲಿ ಮೇಸ್ತ್ರಿ ಕೊಟ್ಟ ಮುಂಗಡದ ಸಾಲ ಇದೆ, ಅವನದೇ ಶೆಡ್ಡು ಇದೆ. ಕೆಲಸ ಬಿಟ್ಟರೆ ಅದೇ ರಾತ್ರಿ ಮಲಗಲು ಜಾಗ ಇರುವುದಿಲ್ಲ.

ಇದು ಸುಳ್ಳು ಎನ್ನುವವರು 2020ರ ಮೇ ತಿಂಗಳು ನೆನಪು ಮಾಡಿಕೊಳ್ಳಲಿ. ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದ ಹೊರರಾಜ್ಯದ ಕಾರ್ಮಿಕರು ಊರಿಗೆ ಹೋಗಲು ರೈಲಿಗೆ ಕಾಯುತ್ತಿದ್ದರು. ಮುಖ್ಯಮಂತ್ರಿಗಳು ಬಿಲ್ಡರುಗಳ ಜೊತೆ ಸಭೆ ಮಾಡಿದ ಬೆನ್ನಲ್ಲೇ ರಾಜ್ಯ ಸರ್ಕಾರ ಆ ರೈಲುಗಳು ಬೇಡ ಎಂದು ಪತ್ರ ಬರೆಯಿತು. ದೇಶದ ಎಲ್ಲ ಕಡೆಯಿಂದ ಛೀಮಾರಿ ಬಿದ್ದ ಮೇಲೆ ಎರಡು ಮೂರು ದಿನದಲ್ಲಿ ಮತ್ತೆ ಒಪ್ಪಿಕೊಂಡಿತು. "ಕಷ್ಟಪಟ್ಟು ದುಡಿಯುವವರು" ಎಂದು ನಾವು ಹೊಗಳುವ ಜನ ಮನೆಗೆ ಹೋಗುತ್ತೇವೆ ಎಂದಾಗ ಸಿಕ್ಕ ಮರ್ಯಾದೆ ಇದು.

ಎರಡು ಸಾವಿರದ ಲೆಕ್ಕ

ಈಗ ಪುಕ್ಕಟೆ ದುಡ್ಡಿನ ಲೆಕ್ಕಕ್ಕೆ ಬರೋಣ. ಫೋನಿನಲ್ಲಿ ಕ್ಯಾಲ್ಕುಲೇಟರ್ ಇದೆ, ನೀವೇ ಮಾಡಿ ನೋಡಿ.

2025-26ಕ್ಕೆ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಗೃಹಲಕ್ಷ್ಮಿಯ 2000 ಎಂದರೆ ಐದೂವರೆ ದಿನದ ಕೂಲಿಯೂ ಪೂರ್ತಿ ಆಗುವುದಿಲ್ಲ. ಮಿಕ್ಕ ಇಪ್ಪತ್ತನಾಲ್ಕು ದಿನ ಆ ಮನೆ ಹೇಗೆ ನಡೆಯಬೇಕು? ಅಕ್ಕಿ ಬರುತ್ತದೆ ಸರಿ. ಎಣ್ಣೆ, ಬೇಳೆ, ಮಕ್ಕಳ ಫೀಸು, ಅಜ್ಜನ ಬಿಪಿ ಗುಳಿಗೆ, ಸಂಘದ ಕಂತು ಎಲ್ಲಿಂದ ಬರುತ್ತವೆ? ಈ ದುಡ್ಡಿನಲ್ಲಿ ಯಾರೂ ಮಲಗಿ ಉಣ್ಣಲು ಆಗುವುದಿಲ್ಲ. ಆಗುವುದು ಒಂದೇ: ಕೂಲಿ ಬಾಕಿ ಇಟ್ಟವರ ಹೊಲಕ್ಕೆ ಮತ್ತೆ ಹೋಗದೆ ಇರಬಹುದು. ಆ 370 ಗಂಡಾಳಿಗೂ ಹೆಣ್ಣಾಳಿಗೂ ಒಂದೇ. ನಮ್ಮೂರಲ್ಲಿ ಕಳೆ ತೆಗೆಯಲು ಹೆಣ್ಣಾಳಿಗೆ 370 ಕೊಡುವ ಒಂದು ಮನೆ ತೋರಿಸಿ, ಆಮೇಲೆ ಆಳು ಸಿಗುತ್ತಾರೋ ಇಲ್ಲವೋ ನೋಡೋಣ.

ಇನ್ನೊಂದು ಪ್ರಶ್ನೆ. ಪುಕ್ಕಟೆ ದುಡ್ಡು ಮನುಷ್ಯರನ್ನು ಸೋಮಾರಿ ಮಾಡುತ್ತದೆ ಎಂದರೆ ಅದು ಎಲ್ಲರನ್ನೂ ಮಾಡಬೇಕಲ್ಲ? ಹೊಲ ಇದ್ದವರಿಗೆ ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ 6000 ಬರುತ್ತದೆ. 10 ಎಚ್‌ಪಿ ತನಕದ ಪಂಪ್‌ಸೆಟ್‌ಗೆ ಕರೆಂಟ್ ಪುಕ್ಕಟೆ. ಸಹಕಾರ ಸಂಘದಲ್ಲಿ ಬಡ್ಡಿ ಇಲ್ಲದ ಬೆಳೆ ಸಾಲ. ಇವೆಲ್ಲ ಬೇಕು, ಇರಲಿ, ಇನ್ನೂ ಹೆಚ್ಚಾಗಲಿ. ಆದರೆ ಮಾವನಿಗೆ ಬಂದರೆ ಸಹಾಯಧನ, ಚಿಗವ್ವನಿಗೆ ಬಂದರೆ ಬಿಟ್ಟಿ ಭಾಗ್ಯ ಆಗುವುದು ಹೇಗೆ? ತುಂಡು ಹೊಲವೂ ಇಲ್ಲದ ಚಿಗವ್ವನಿಗೆ ಈ ಮೂರರಲ್ಲಿ ಒಂದೂ ಬರುವುದಿಲ್ಲ.

ನನ್ನ ವಿಷಯವನ್ನೂ ಮುಚ್ಚಿಡುವುದಿಲ್ಲ. 2023ರಲ್ಲಿ ಡಿಗ್ರಿ ಮುಗಿಸಿದೆ. ಯುವನಿಧಿಯ 3000 ನನಗೂ ಬಂದಿದೆ. ಕೆಲಸ ಸಿಕ್ಕಿಲ್ಲ ಎಂದು ಘೋಷಣೆ ಕೊಡುತ್ತಿರಬೇಕು, ಎರಡು ವರ್ಷ ಆದ ಮೇಲೆ ನಿಲ್ಲುತ್ತದೆ. ಆ ದುಡ್ಡಿನಲ್ಲಿ ಪರೀಕ್ಷೆ ಅರ್ಜಿ ಕಟ್ಟಿದೆ, ಕಲಬುರಗಿಗೂ ಬೆಂಗಳೂರಿಗೂ ಸಂದರ್ಶನಕ್ಕೆ ಬಸ್ ಹತ್ತಿದೆ. ಅದಕ್ಕೂ "ಕೂತು ತಿನ್ನೋ ದುಡ್ಡು" ಎಂದವರಿದ್ದಾರೆ. ಕೂತು ತಿನ್ನಲಿಲ್ಲ ಸ್ವಾಮಿ, ನಿಂತು ಪ್ರಯಾಣ ಮಾಡಿದೆ.

ಯಾರೂ ಕೇಳದ ಭತ್ಯೆ

ಕಟ್ಟೆಯ ಮೇಲೆ ಯಾರೂ ಹೇಳದ ಇನ್ನೊಂದು ಮಾತಿದೆ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲೇ ನಿರುದ್ಯೋಗ ಭತ್ಯೆ ಬರೆದಿತ್ತು. ಕೆಲಸ ಕೇಳಿ ಅರ್ಜಿ ಕೊಟ್ಟು 15 ದಿನದಲ್ಲಿ ಕೆಲಸ ಸಿಗದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ, ಆಮೇಲೆ ಅರ್ಧಕ್ಕೆ ಕಡಿಮೆ ಇಲ್ಲದಂತೆ ಭತ್ಯೆ ಕೊಡಬೇಕು. ನಮ್ಮೂರಲ್ಲಿ ಇದು ಬಂದವರು ಯಾರಾದರೂ ಇದ್ದಾರೆಯೇ ಎಂದು ಮನೆ ಮನೆ ಕೇಳಿದೆ. ಒಬ್ಬರೂ ಸಿಗಲಿಲ್ಲ. ಕಾರಣ ಸರಳ: ಪಂಚಾಯಿತಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ, ತಾರೀಖು ಹಾಕಿದ ರಸೀದಿ ಕೊಡುವುದಿಲ್ಲ. ರಸೀದಿ ಇಲ್ಲದಿದ್ದರೆ 15 ದಿನ ಎಲ್ಲಿಂದ ಎಣಿಸುವುದು? ಊರಲ್ಲಿ ಕೆಲಸ ಇಲ್ಲ, ಭತ್ಯೆಯೂ ಇಲ್ಲ. ಜನ ಗುಳೆ ಹೋಗುತ್ತಾರೆ. ಆಮೇಲೆ ನಾವೇ ಆಳು ಇಲ್ಲ ಎಂದು ಅಳುತ್ತೇವೆ.

2025ರ ಡಿಸೆಂಬರಿನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ ಹೊಸ ಕಾನೂನು ತಂದಿತು. 100 ದಿನದ ಬದಲು 125 ದಿನ ಎಂದಿದೆ, ಸಂತೋಷ. ಆದರೆ ಬಿತ್ತನೆ ಮತ್ತು ಸುಗ್ಗಿ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಈ ಕೆಲಸ ನಿಲ್ಲಿಸಲು ಅದರಲ್ಲಿ ದಾರಿ ಇದೆ. ಹೊಲಕ್ಕೆ ಆಳು ಸಿಗಲಿ ಎಂದು. ಅಂದರೆ ಕೂಲಿಯವರಿಗೆ ಬೇಡಿಕೆ ಇರುವ, ನಾಲ್ಕು ಕಾಸು ಹೆಚ್ಚಿಗೆ ಕೇಳಬಹುದಾದ ಆ ಎರಡು ತಿಂಗಳಲ್ಲೇ ಒಲ್ಲೆ ಎನ್ನುವ ದಾರಿ ಮುಚ್ಚುತ್ತದೆ. ಕಟ್ಟೆಯ ಮೇಲಿನ ಮಾತು ಕಾನೂನಾಗುವುದು ಹೀಗೆ.

ಸಣ್ಣ ರೈತರ ಸಂಕಟ ನನಗೆ ಗೊತ್ತಿಲ್ಲ ಎಂದಲ್ಲ. ನಮಗೂ ಮೂರು ಎಕರೆ ಇದೆ. ಬೀಜ, ಗೊಬ್ಬರ, ಎಣ್ಣೆ ಹೊಡೆಯುವ ಖರ್ಚು ಕಳೆದು, ಮಾರುಕಟ್ಟೆಯಲ್ಲಿ ದರ ಬಿದ್ದಾಗ ಕೂಲಿ ಕೊಡಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದರೆ ಬೀಜದ ದರ ಏರಿಸಿದ್ದು ಚಿಗವ್ವ ಅಲ್ಲ. ಹತ್ತಿಯ ದರ ಇಳಿಸಿದ್ದೂ ಅವಳಲ್ಲ. ಅಂಗಡಿಯವರ ಮುಂದೆ, ದಲಾಲಿಗಳ ಮುಂದೆ, ಸರ್ಕಾರದ ಮುಂದೆ ಏರದ ನಮ್ಮ ದನಿ ಕೂಲಿ ಹೆಣ್ಣುಮಗಳ ಮುಂದೆ ಮಾತ್ರ ಯಾಕೆ ಏರುತ್ತದೆ?

ಕೊನೆಗೆ ಕಾಯಕದ ಮಾತು. ಬಡವರಿಗೆ ಪಾಠ ಹೇಳುವವರ ಬಾಯಲ್ಲಿ ಮೊದಲು ಬರುವುದೇ ಅದು. ಶರಣರು ಕಾಯಕದ ಜೊತೆಗೇ ದಾಸೋಹವನ್ನೂ ಹೇಳಿದರು, ಅದನ್ನು ಮರೆಯುತ್ತಾರೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನಮ್ಮ ಲಿಂಗಸೂಗೂರು ಕಡೆಯವರೇ ಎನ್ನುತ್ತಾರೆ. ಗಂಡ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಚೆಲ್ಲಿ ಬಾ ಎಂದು ಲಕ್ಕಮ್ಮ ಕಳಿಸಿದಳು ಎಂಬ ಕತೆ ಎಲ್ಲರಿಗೂ ಗೊತ್ತು. ಆ ಪಾಠ ಹೆಚ್ಚಿಗೆ ಇಟ್ಟುಕೊಂಡವರಿಗೆ, ಹಸಿದವರಿಗಲ್ಲ.

ಹಾಗಾದರೆ ಏನು ಮಾಡೋಣ? ಕೂಲಿಯವರು ಕೆಲಸ ಕೇಳಿ ಅರ್ಜಿ ಕೊಟ್ಟಾಗ ತಾರೀಖಿನ ರಸೀದಿ ಇಲ್ಲದೆ ಪಂಚಾಯಿತಿಯಿಂದ ಏಳಬೇಡಿ. ಒಬ್ಬರೇ ಹೋಗಬೇಡಿ, ಹತ್ತು ಮಂದಿ ಹೋಗಿ. 15 ದಿನ ಎಣಿಸಿ, ಹದಿನಾರನೇ ದಿನ ಭತ್ಯೆ ಕೇಳಿ. ಹೊಲ ಇದ್ದವರು ಕೂಲಿಯನ್ನು ಅದೇ ವಾರ ಕೊಡಿ.

ಮಾವನಿಗೂ ಇದನ್ನೇ ಹೇಳಿದೆ. "ಮಾವ, ಹಿಂದಿನ ಬಾಕಿ ಬಗ್ಗೆ ಚಿಗವ್ವಗ ಒಂದು ಮಾತು ಹೇಳ್ರಿ, ಈ ಸಲದ ಕೂಲಿ ಸಂಜೀಕೇ ಕೊಡ್ತೀನಿ ಅನ್ರಿ. ಆಮ್ಯಾಲೂ ಬರಲಿಲ್ಲಂದ್ರ ಸೋಮಾರಿ ಅನ್ರಿ, ನಾನೂ ಅಂತೀನಿ."

ಮಾವ ಚಹಾ ಕುಡಿದು ಎದ್ದು ಹೋದರು. ಚಿಗವ್ವನಿಗೆ ಫೋನ್ ಇನ್ನೂ ಹೋಗಿಲ್ಲ.